ಸತ್ತ ಶೆಲ್ಲಿಗೆ ಕರೆಂಟು ಕೊಟ್ಟರೆ...

ಬೇಸಿಗೆ ಬಂತೆಂದರೆ ಗದಗ–ಬೆಟಗೇರಿಯ ಮಾಳಿಗೆಗಳ ಮೇಲೆ ಶಂಡಿಗೆ, ಹಪ್ಪಳ, ಕೆಂಪು ಮೆಣಸಿನಕಾಯಿ ಒಣಗಲು ಬೀಳುತ್ತವೆ. ಟಿ.ವಿ. ಇನ್ನೂ ಓಣಿಗೆ ಕಾಲಿಡದ ದಿನಗಳಲ್ಲಿ ಅವುಗಳ ಪಕ್ಕದಲ್ಲೇ, ಕಾಗೆಯೂ ಮುಟ್ಟದ ಇನ್ನೊಂದು ಸರಕು ಸಾಲಾಗಿ ಕೂತಿರುತ್ತಿತ್ತು: ರೇಡಿಯೊದಿಂದಲೋ ಬ್ಯಾಟರಿಯಿಂದಲೋ (ಟಾರ್ಚಿಗೆ ನಮ್ಮ ಕಡೆಯ ಹೆಸರು) ಹೊರತೆಗೆದ ದಪ್ಪ ಶೆಲ್ಲುಗಳು. ದಿನವಿಡೀ ಕಾಯ್ದ ಶೆಲ್ಲನ್ನು ಸಂಜೆ ಮತ್ತೆ ಹಾಕಿದರೆ ಧಾರವಾಡ ಆಕಾಶವಾಣಿ ಇನ್ನೆರಡು ದಿನ ಸಣ್ಣ ದನಿಯಲ್ಲಾದರೂ ಮಾತಾಡುತ್ತಿತ್ತು. ಬಿಸಿಲಿಗೂ ಬಗ್ಗದಿದ್ದರೆ ಹಲ್ಲಲ್ಲಿ ಕಚ್ಚುವುದು, ಕಲ್ಲಿಗೆ ಕುಟ್ಟುವುದು, ಮೊಳೆಯಿಂದ ತೂತು ಹೊಡೆದು ಉಪ್ಪುನೀರು ಕುಡಿಸುವುದು ಮುಂದಿನ ಚಿಕಿತ್ಸೆಗಳು. ಎಲ್ಲ ಮುಗಿದ ಮೇಲೂ ಶೆಲ್ಲು ವ್ಯರ್ಥವಾಗುತ್ತಿರಲಿಲ್ಲ. ಒಳಗಿನ ಕರಿಪುಡಿ ಸಾಲಿ ಹಲಗೆಗೆ ಬಣ್ಣವಾಗುತ್ತಿತ್ತು, ನಡುವಿನ ಇದ್ದಿಲ ಕಡ್ಡಿ ಹುಡುಗರ ಕೈಗೆ ಸಿಕ್ಕು ಊರ ಗೋಡೆಗಳ ಮೇಲೆಲ್ಲ ಓಡಾಡುತ್ತಿತ್ತು.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಮಾಡಿದ ಕೋಶದ ವಂಶಸ್ಥನೇ ಇಂದಿನ ಸಾಮಾನ್ಯ ಶೆಲ್ಲು. ಸತುವಿನ ಡಬ್ಬಿಯೇ ಅದರ ಋಣ ಧ್ರುವ, ನಡುವಿನ ಇದ್ದಿಲ ಕಡ್ಡಿ ಧನ ಧ್ರುವ. ಎರಡರ ನಡುವೆ ಮ್ಯಾಂಗನೀಸ್ ಡೈಆಕ್ಸೈಡಿನ ಕರಿಪುಡಿ ಮತ್ತು ಒದ್ದೆ ಲವಣ. ಸತತವಾಗಿ ಉರಿಸಿದಾಗ ಕ್ರಿಯೆಯಲ್ಲಿ ಹುಟ್ಟಿದ ವಸ್ತುಗಳು ಒಂದೆಡೆ ದಟ್ಟವಾಗಿ ದಾರಿ ಕಟ್ಟುತ್ತವೆ. ಶೆಲ್ಲಿಗೆ ವಿಶ್ರಾಂತಿ ಕೊಟ್ಟು ಕಾವು ತಾಗಿಸಿದರೆ ಅವು ಚದುರಿ ದಾರಿ ಸ್ವಲ್ಪ ತೆರವಾಗುತ್ತದೆ. ಬಿಸಿಲು ಹೊಸ ಶಕ್ತಿ ತುಂಬುವುದಿಲ್ಲ, ಒಳಗೆ ಉಳಿದಿದ್ದ ಚೂರುಪಾರನ್ನು ಹೊರಗೆಳೆಯುತ್ತದೆ. ಆದರೆ ಬಳಸಿದಷ್ಟೂ ಸತುವಿನ ಡಬ್ಬಿ ಒಳಗಿಂದ ಸವೆಯುತ್ತಲೇ ಹೋಗುತ್ತದೆ. ಕೊನೆಗೊಂದು ದಿನ ತೂತು ಬಿದ್ದು ಅಂಟು ರಸ ಸುರಿಯುತ್ತದೆ. ಹಿತ್ತಾಳೆಯ ಬ್ಯಾಟರಿಗಳ ಸ್ಪ್ರಿಂಗು ಹಸಿರುಗಟ್ಟಿ ಮುರಿಯುತ್ತಿದ್ದದ್ದು ಈ ರಸದಿಂದಲೇ.

ಮಾಳಿಗೆಯ ಬಿಸಿಲಿನಿಂದ ಹಾಳಾಗುತ್ತಿದ್ದದ್ದು ಹೆಚ್ಚೆಂದರೆ ಒಂದು ಸ್ಪ್ರಿಂಗು. ಈಗಿನ ಉಪಾಯ ಅಷ್ಟು ಸೌಮ್ಯವಲ್ಲ. ಹಳೆಯ ಮೊಬೈಲ್ ಚಾರ್ಜರಿನ ತುದಿ ಕತ್ತರಿಸಿ, ಕೆಂಪು ತಂತಿ ಒಂದು ಕಡೆ, ಕರಿ ತಂತಿ ಇನ್ನೊಂದು ಕಡೆ ಹಿಡಿದು ಸತ್ತ ಶೆಲ್ಲನ್ನು ‘ಎಬ್ಬಿಸುವ’ ವಿಡಿಯೊಗಳು ಮೊಬೈಲಿನಲ್ಲಿ ಬೇಕಾದಷ್ಟಿವೆ. ಅವನ್ನು ನೋಡಿದ ಗಿರಾಕಿ ರಿಪೇರಿ ಅಂಗಡಿಗೆ ಬಂದು, ‘ಅಣ್ಣಾರ, ಹೊಸಾವು ಯಾಕ್ರೀ, ಇವನ್ನ ಚಾರ್ಜ್ ಮಾಡಿ ಕೊಡ್ರಲ್ಲ’ ಎನ್ನುತ್ತಾನೆ. ‘ಯಪ್ಪಾ, ಅವು ಚಾರ್ಜ್ ಆಗೂ ಶೆಲ್ ಅಲ್ಲೋ’ ಎಂಬ ಉತ್ತರ ಅವನಿಗೆ ವ್ಯಾಪಾರದ ಮಾತಿನಂತೆ ಕೇಳುತ್ತದೆ. ಯಾಕೆಂದರೆ ವಿಡಿಯೊದಲ್ಲಿ ಬಲ್ಬು ಹತ್ತಿದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ!

ಬಲ್ಬು ಹತ್ತುವುದು ಸುಳ್ಳಲ್ಲ. ಮೋಸ ಇರುವುದು ಅಳತೆಯಲ್ಲಿ. ಐದು ನಿಮಿಷ ಕರೆಂಟು ಹಾಯಿಸಿದ ಶೆಲ್ಲಿಗೆ ಮೀಟರ್ ಹಚ್ಚಿದರೆ ಮುಳ್ಳು 1.5 ವೋಲ್ಟಿನ ಹತ್ತಿರ ನಿಲ್ಲುತ್ತದೆ, ಹೊಸ ಶೆಲ್ಲೇ ಸರಿ ಎನ್ನುವಂತೆ. ಆದರೆ ವೋಲ್ಟೇಜು ಬೇರೆ, ಒಳಗಿನ ದಾಸ್ತಾನು ಬೇರೆ. ಆಟಿಕೆ ಕಾರಿಗೆ ಹಾಕಿ ಓಡಿಸಿದರೆ ಕೆಲವೇ ನಿಮಿಷದಲ್ಲಿ ಅದು ಅಂಗಳದ ನಡುವೆ ನಿಂತುಬಿಡುತ್ತದೆ.

ಒಳಗೆ ಏನಾಗುತ್ತದೆ?

ಪೆನ್ಸಿಲ್ ಶೆಲ್ಲುಗಳಲ್ಲಿ ಈಗ ಸಾಮಾನ್ಯ ಸತು–ಇದ್ದಿಲಿನ ಜೊತೆಗೆ ಆಲ್ಕಲೈನ್ ಶೆಲ್ಲುಗಳೂ ಹಳ್ಳಿಯ ಕಿರಾಣಿ ಅಂಗಡಿಯವರೆಗೆ ಬಂದಿವೆ. ಯೂನಿಯನ್ ಕಾರ್ಬೈಡಿನ ಪ್ರಯೋಗಾಲಯದಲ್ಲಿ ಲೂಯಿಸ್ ಅರಿ ಎಂಬ ಎಂಜಿನಿಯರ್ 1950ರ ದಶಕದಲ್ಲಿ ರೂಪಿಸಿದ ಈ ಶೆಲ್ಲಿನಲ್ಲಿ ಸತು ಡಬ್ಬಿಯಾಗಿರದೆ ಪುಡಿಯಾಗಿ ನಡುವೆ ಇರುತ್ತದೆ. ಒದ್ದೆ ಮಾಡುವ ದ್ರವ ಪೊಟ್ಯಾಶಿಯಂ ಹೈಡ್ರಾಕ್ಸೈಡ್, ಅಂದರೆ ಚರ್ಮ ಸುಡುವ ಕ್ಷಾರ.

ಇಂಥ ಶೆಲ್ಲಿಗೆ ಹೊರಗಿನಿಂದ ಕರೆಂಟು ಒತ್ತಿದಾಗ ಸತು ತನ್ನ ಮೊದಲಿನ ರೂಪಕ್ಕೆ, ಮೊದಲಿನ ಜಾಗಕ್ಕೆ ಮರಳುವುದಿಲ್ಲ. ಜಾಲಿ ಮುಳ್ಳಿನ ಹಾಗೆ ಚೂಪಾಗಿ ಬೆಳೆದು ನಡುವಿನ ತೆಳು ಪರದೆಯನ್ನು ಚುಚ್ಚಬಲ್ಲದು. ಚುಚ್ಚಿದರೆ ಒಳಗೇ ಶಾರ್ಟ್. ಇದಕ್ಕಿಂತ ಮುಖ್ಯವಾದ ತೊಂದರೆ ಗಾಳಿಯದು. ಹೆಚ್ಚುವರಿ ಕರೆಂಟು ಒಳಗಿನ ನೀರನ್ನು ಒಡೆದು ಹೈಡ್ರೋಜನ್, ಆಮ್ಲಜನಕ ಹುಟ್ಟಿಸುತ್ತದೆ. ಚಾರ್ಜ್ ಆಗುವ ನಿಕ್ಕಲ್ ಶೆಲ್ಲುಗಳಲ್ಲಿ ಆಮ್ಲಜನಕ ಮತ್ತೆ ನೀರಾಗಿ ಸೇರಿಕೊಳ್ಳಲು ಏರ್ಪಾಡು ಇರುತ್ತದೆ. ಒತ್ತಡ ಮಿತಿಮೀರಿದರೆ ತೆರೆದು ಮತ್ತೆ ಮುಚ್ಚಿಕೊಳ್ಳುವ ಪುಟ್ಟ ಕವಾಟವೂ ಇರುತ್ತದೆ. ಆಲ್ಕಲೈನಿನಲ್ಲಿ ಇರುವುದು ಒಮ್ಮೆ ಹರಿದರೆ ಮುಗಿಯುವ ಪ್ಲಾಸ್ಟಿಕ್ ಪೊರೆ ಮಾತ್ರ. ಅದು ಹರಿದಾಗ ಗಾಳಿಯೊಂದಿಗೆ ಕ್ಷಾರವೂ ಹೊರಗೆ ಚಿಮ್ಮುತ್ತದೆ. ಶೆಲ್ಲನ್ನು ಕೈಯಲ್ಲಿ ಹಿಡಿದು, ಬಗ್ಗಿ ನೋಡುತ್ತಿರುವವನ ಕಣ್ಣು ಅಲ್ಲೇ ಒಂದು ಗೇಣು ದೂರದಲ್ಲಿರುತ್ತದೆ.

ಶೆಲ್ಲು ಸುಮ್ಮನೆ ಕೂತಾಗಲೂ ಸತು ಸ್ವಲ್ಪ ಸ್ವಲ್ಪ ಗಾಳಿ ಬಿಡುತ್ತದೆ. ಅದನ್ನು ತಡೆಯಲೆಂದೇ ತಯಾರಕರು ಹಿಂದೆ ಪಾದರಸ ಬೆರೆಸುತ್ತಿದ್ದರು. ವಿಷ ಎಂಬ ಕಾರಣಕ್ಕೆ 1990ರ ದಶಕದಲ್ಲಿ ದೊಡ್ಡ ಕಂಪನಿಗಳು ಅದನ್ನು ಬಿಟ್ಟು ಬೇರೆ ಮಿಶ್ರಲೋಹಗಳ ದಾರಿ ಹಿಡಿದವು. ಸುಮ್ಮನೆ ಕೂತ ಶೆಲ್ಲಿನ ಗಾಳಿಗೇ ಕಾರ್ಖಾನೆಗಳು ಇಷ್ಟು ತಲೆ ಕೆಡಿಸಿಕೊಂಡಿರುವಾಗ 5 ವೋಲ್ಟಿನ ಮೊಬೈಲ್ ಚಾರ್ಜರನ್ನು ನೇರವಾಗಿ ಹಚ್ಚುವುದು ಎಂಥ ಹುಂಬತನ ಎಂದು ಬಿಡಿಸಿ ಹೇಳಬೇಕಿಲ್ಲ.

ಆಲ್ಕಲೈನ್ ಶೆಲ್ಲನ್ನು ಚಾರ್ಜ್ ಮಾಡಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ಅದಕ್ಕೆಂದೇ ಒಳಗಿನ ರಚನೆ ಬದಲಿಸಿದ ಶೆಲ್ಲುಗಳನ್ನು, ಅವಕ್ಕೆ ಮೀಸಲಾದ ಚಾರ್ಜರಿನ ಜೊತೆ ಅಮೆರಿಕದಲ್ಲಿ 1990ರ ದಶಕದಲ್ಲಿ ಮಾರಿದರು. ಪೂರ್ತಿ ಖಾಲಿಯಾಗುವ ಮೊದಲೇ ಚಾರ್ಜಿಗೆ ಇಡಬೇಕು, ಪ್ರತಿ ಸಲ ದಾಸ್ತಾನು ಇಳಿಯುತ್ತಲೇ ಹೋಗುತ್ತದೆ. ಜನ ಮೆಚ್ಚಲಿಲ್ಲ, ಮಾರುಕಟ್ಟೆಯಿಂದ ಸರಿದುಹೋದವು. ಅದಕ್ಕೆಂದೇ ಕಟ್ಟಿದ ಶೆಲ್ಲಿನ ಹಣೆಬರಹವೇ ಹೀಗಾದರೆ, ಕಟ್ಟದೇ ಇದ್ದದ್ದರ ಗತಿ ಊಹಿಸಬಹುದು.

ಚಾರ್ಜರನ್ನೇ ಮುಟ್ಟದ ಮನೆಯಲ್ಲೂ ಇದೇ ಅನಾಹುತ ಇನ್ನೊಂದು ವೇಷದಲ್ಲಿ ನಡೆಯುತ್ತದೆ. ಮೂರು ಶೆಲ್ಲಿನ ಬ್ಯಾಟರಿ ಮಂಕಾದಾಗ ಒಂದನ್ನಷ್ಟೇ ಹೊಸದು ಹಾಕಿ ಉಳಿದೆರಡನ್ನು ಹಾಗೇ ಬಿಡುವ ಉಳಿತಾಯ ನಮ್ಮ ಕಡೆ ಬಲು ಸಾಮಾನ್ಯ. ಹೊಸ ಶೆಲ್ಲು ಜೋರಿನಿಂದ ಕರೆಂಟು ತಳ್ಳುತ್ತದೆ, ಖಾಲಿಯಾದ ಹಳೆಯದು ಅದರ ಹಾದಿಯಲ್ಲಿ ಸಿಕ್ಕು ಉಲ್ಟಾ ಧ್ರುವಕ್ಕೆ ತಿರುಗುತ್ತದೆ. ಒಳಗೆ ಮತ್ತೆ ಅದೇ ಗಾಳಿ, ಅದೇ ಸೋರಿಕೆ. ಆಲ್ಕಲೈನನ್ನು ಸಾದಾ ಶೆಲ್ಲಿನ ಜೊತೆ ಸೇರಿಸಿದರೂ ಇದೇ ಕತೆ. ಹಾಕಿದರೆ ಎಲ್ಲವನ್ನೂ ಒಟ್ಟಿಗೆ, ಒಂದೇ ಜಾತಿಯದ್ದನ್ನು ಹಾಕಬೇಕು.

ಸೋರಿದ ಮೇಲೆ ಮಾಡುವುದೇನು? ಆಲ್ಕಲೈನ್ ಸೋರಿದರೆ ಬಿಳಿ ಹಿಟ್ಟಿನಂತೆ ಕಟ್ಟುತ್ತದೆ. ಅದು ಕ್ಷಾರ, ಲಿಂಬೆಹಣ್ಣಿನ ರಸದಲ್ಲಿ ಅದ್ದಿದ ಅರಳೆಯಿಂದ ಒರೆಸಿದರೆ ಬಿಡುತ್ತದೆ. ಸಾದಾ ಶೆಲ್ಲಿನ ಕಂದು ರಸ ಹುಳಿ ಗುಣದ್ದು, ಅದಕ್ಕೆ ಅಡುಗೆ ಸೋಡಾ. ಎರಡರಲ್ಲೂ ಕೈಗೆ ಪ್ಲಾಸ್ಟಿಕ್ ಚೀಲವಾದರೂ ಸುತ್ತಿಕೊಳ್ಳಬೇಕು. ಕಣ್ಣಿಗೆ ಸಿಡಿದರೆ ಲಿಂಬೆಯೂ ಬೇಡ, ಸೋಡಾವೂ ಬೇಡ: ಹದಿನೈದು–ಇಪ್ಪತ್ತು ನಿಮಿಷ ಬರೀ ನೀರಿನಲ್ಲಿ ತೊಳೆದು ದವಾಖಾನೆಗೆ ಓಡಬೇಕು.

ಗುಂಡಿಯಷ್ಟೇ ಗಾತ್ರ

ಗದಗಿನ ತೋಂಟದಾರ್ಯ ಜಾತ್ರೆಯಲ್ಲಾಗಲಿ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯಲ್ಲಾಗಲಿ ಆಟಿಕೆ ಅಂಗಡಿಗಳ ಮುಂದೆ ನಿಂತು ನೋಡಬೇಕು. ಮಿನುಗುವ ಬಳೆ, ತಿರುಗುವ ಬುಗುರಿ, ಬಣ್ಣದ ಬೆಳಕಿನ ಉಂಗುರ. ಪ್ರತಿಯೊಂದರ ಹೊಟ್ಟೆಯಲ್ಲೂ ಅಂಗಿಯ ಗುಂಡಿಯಷ್ಟೇ ಶೆಲ್ಲುಗಳು. ಬಹಳಷ್ಟರಲ್ಲಿ ಮುಚ್ಚಳಕ್ಕೆ ಸ್ಕ್ರೂ ಇರುವುದಿಲ್ಲ, ಉಗುರಿನಿಂದ ಎಬ್ಬಿದರೆ ತೆರೆದುಕೊಳ್ಳುತ್ತದೆ.

ಕಾರಿನ ಕೀಲಿ, ಅಡುಗೆಮನೆಯ ತೂಕದ ಯಂತ್ರ, ಸಕ್ಕರೆ ಕಾಯಿಲೆಯ ಪರೀಕ್ಷಾ ಯಂತ್ರ, ಕಂಪ್ಯೂಟರುಗಳಲ್ಲಿ ಇರುವ ಸಿಆರ್ 2032 ಆಟಿಕೆಯ ಆ ಶೆಲ್ಲುಗಳಿಗಿಂತ ದೊಡ್ಡದು. ಅಗಲ 20 ಮಿ.ಮೀ., ದಪ್ಪ 3.2 ಮಿ.ಮೀ. ಹೆಸರಿನ ಅಂಕಿಯೇ ಅಳತೆ ಹೇಳುತ್ತದೆ. ಒಳಗಿರುವುದು ಲಿಥಿಯಂ ಲೋಹ. ಇದಕ್ಕೆ ಹಿಮ್ಮುಖವಾಗಿ ಕರೆಂಟು ಕೊಟ್ಟರೆ ಸೋರಿಕೆಯಷ್ಟಕ್ಕೇ ನಿಲ್ಲದೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಎಷ್ಟರ ಮಟ್ಟಿಗೆ ಎಂದರೆ, ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಈ ಶೆಲ್ಲಿನತ್ತ ಅಪ್ಪಿತಪ್ಪಿಯೂ ಕರೆಂಟು ಹಿಂದಕ್ಕೆ ಹರಿಯಬಾರದೆಂದು ಡಯೋಡ್ ಕಾವಲಿಗೆ ಇಟ್ಟಿರುತ್ತಾರೆ. ಎಲ್‌ಐಆರ್ 2032 ಎಂಬ ಹೆಸರಿನ, ಚಾರ್ಜ್ ಆಗುವ ಅವಳಿ ಮಾರುಕಟ್ಟೆಯಲ್ಲಿದೆ. ಹೊರಗಿನ ರೂಪ ಒಂದೇ. ಆದರೆ ಪೂರ್ತಿ ತುಂಬಿದಾಗ ಅದು 4.2 ವೋಲ್ಟ್ ಕೊಡುತ್ತದೆ, 3 ವೋಲ್ಟಿಗೆಂದು ಮಾಡಿದ ಯಂತ್ರವನ್ನು ಕೆಡಿಸಬಹುದು. ದಾಸ್ತಾನಂತೂ ಸಿಆರ್ ಶೆಲ್ಲಿನ ಐದರಲ್ಲೊಂದು ಪಾಲೂ ಇಲ್ಲ. ಕೊಳ್ಳುವಾಗ ಮೊದಲ ಎರಡು–ಮೂರು ಅಕ್ಷರ ನೋಡದಿದ್ದರೆ ಪೇಚು.

ಚಾರ್ಜಿನ ವಿಷಯ ಬಿಟ್ಟು ಒಂದು ಮಾತು. ಈ ಗುಂಡಿ ಶೆಲ್ಲುಗಳನ್ನು ಮಕ್ಕಳು ನುಂಗಿದರೆ ಅದು ನಾಣ್ಯ ನುಂಗಿದಂತಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡ ಶೆಲ್ಲು ಎಂಜಲಿನ ಮೂಲಕ ಕರೆಂಟು ಹರಿಸಿ ಅಲ್ಲೇ ಕ್ಷಾರ ತಯಾರಿಸುತ್ತದೆ. ಎರಡು ತಾಸಿನೊಳಗೆ ಗಂಭೀರ ಸುಟ್ಟಗಾಯ ಆಗಬಹುದು. ‘ನಾಳೆ ಸಂಡಾಸಿನಲ್ಲಿ ಬೀಳ್ತೈತಿ ಬಿಡವಾ’ ಎಂದು ಕಾಯುವಂತಿಲ್ಲ. ಗದಗಿನ ಜಿಮ್ಸ್ ಇರಲಿ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇರಲಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಹೋಗಬೇಕು. ಒಂದು ವರ್ಷ ಮೀರಿದ ಮಗುವಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಸಣ್ಣ ಚಮಚ ಜೇನುತುಪ್ಪ ಕೊಡಬಹುದು ಎಂದು ಅಮೆರಿಕದ ವಿಷ ನಿಯಂತ್ರಣ ಕೇಂದ್ರದ ಸಲಹೆ ಇದೆ. ಜೇನಿಗಾಗಿ ಹುಡುಕುತ್ತ ಹೊತ್ತು ಕಳೆಯಬಾರದು, ವಾಂತಿ ಮಾಡಿಸಬಾರದು.

ಲೆಕ್ಕ ಹಾಕಿ ನೋಡಿದರೆ

ಶೆಲ್ಲು ಬಲು ಅಗ್ಗ ಎಂದೇ ಎಲ್ಲರ ನಂಬಿಕೆ. ಒಂದು ಆಲ್ಕಲೈನ್ ಪೆನ್ಸಿಲ್ ಶೆಲ್ಲಿನಲ್ಲಿ ಎರಡೂವರೆಯಿಂದ ಮೂರು ವ್ಯಾಟ್–ಅವರ್ ವಿದ್ಯುತ್ ಇರುತ್ತದೆ. ಅಂದರೆ ಹೆಸ್ಕಾಂ ಮೀಟರಿನ ಒಂದೇ ಒಂದು ಯೂನಿಟ್ಟಿಗೆ ಸುಮಾರು 350 ಶೆಲ್ಲು ಬೇಕು. ತಲಾ 35 ರೂಪಾಯಿ ಎಂದಿಟ್ಟುಕೊಂಡರೆ ಯೂನಿಟ್ಟಿಗೆ 12 ಸಾವಿರ ರೂಪಾಯಿಗಿಂತ ಹೆಚ್ಚು! ಗೋಡೆಯ ಪ್ಲಗ್ಗಿನಲ್ಲಿ ಕೆಲವೇ ರೂಪಾಯಿಗೆ ಸಿಗುವ ಸರಕು ಇದು.

ಹಾಗಾಗಿ ಎಲ್ಲಕ್ಕಿಂತ ಅಗ್ಗದ ದಾರಿ ಶೆಲ್ಲೇ ಇಲ್ಲದ ದಾರಿ. ಒಂದೇ ಕಡೆ ಕೂತು ಹಾಡುವ ರೇಡಿಯೊ, ಮೇಜಿನ ಮೇಲಿನ ಬಿ.ಪಿ. ಯಂತ್ರ ಇಂಥವುಗಳಲ್ಲಿ ಬಹಳಷ್ಟಕ್ಕೆ ಬದಿಯಲ್ಲೊಂದು ಸಣ್ಣ ತೂತು ಇರುತ್ತದೆ. ಅದು ಅಡಾಪ್ಟರಿಗಾಗಿ. ಯಂತ್ರದ ಮೇಲೆ ಬರೆದ ವೋಲ್ಟೇಜು ಮತ್ತು ಪ್ಲಸ್–ಮೈನಸ್ ಚಿತ್ರ ನೋಡಿ ಅದಕ್ಕೆ ಹೊಂದುವ ಅಡಾಪ್ಟರ್ ತಂದರೆ ಶೆಲ್ಲಿನ ಖರ್ಚು ಅಲ್ಲಿಗೇ ಮುಗಿಯಿತು.

ಓಡಾಡುವ ವಸ್ತುಗಳಿಗೆ ಮಾತ್ರ ಶೆಲ್ಲು ಬೇಕೇ ಬೇಕು. ಅಲ್ಲಿ ಚಾರ್ಜ್ ಆಗುವ ನಿಕ್ಕಲ್ ಮೆಟಲ್ ಹೈಡ್ರೈಡ್ ಶೆಲ್ಲುಗಳ ಸರದಿ. ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ. ಮಕ್ಕಳ ಆಟಿಕೆಗೆ ತಿಂಗಳಿಗೆ ನಾಲ್ಕು ಸಾದಾ ಪೆನ್ಸಿಲ್ ಶೆಲ್ಲು, ಒಂದಕ್ಕೆ 15 ರೂಪಾಯಿ. ವರ್ಷಕ್ಕೆ 720 ರೂಪಾಯಿ ಆಯಿತು. ಮೋಟಾರು ಇರುವ ಆಟಿಕೆಯಲ್ಲಿ ಆಲ್ಕಲೈನ್ ಮೂರು ಪಟ್ಟು ಬಾಳುತ್ತದೆ ಎಂದು ಹಿಡಿದರೆ ವರ್ಷಕ್ಕೆ 16 ಸಾಕು, 560 ರೂಪಾಯಿ. ಅಂಗಡಿಯಲ್ಲಿ ದುಬಾರಿ ಎನಿಸಿದ್ದು ವರ್ಷದ ಲೆಕ್ಕದಲ್ಲಿ ಅಗ್ಗವಾಯಿತು. ನಾಲ್ಕು ನಿಕ್ಕಲ್ ಶೆಲ್ಲು ಮತ್ತು ಒಳ್ಳೆಯ ಚಾರ್ಜರಿಗೆ ಒಟ್ಟು 1,400 ರೂಪಾಯಿ ಬಿತ್ತು ಎನ್ನಿ. ಐದು ವರ್ಷ ಬಾಳಿದರೆ ಸಾದಾ ಶೆಲ್ಲಿಗೆ 3,600, ಆಲ್ಕಲೈನಿಗೆ 2,800, ಇದಕ್ಕೆ ಅದೇ 1,400. ಚಾರ್ಜಿಗೆ ತಗಲುವ ಕರೆಂಟು ಐದೂ ವರ್ಷ ಸೇರಿ ಒಂದು ಯೂನಿಟ್ ದಾಟುವುದಿಲ್ಲ. ಗೃಹಜ್ಯೋತಿಯ ಉಚಿತ ಕರೆಂಟು ಇರುವ ಮನೆಯಲ್ಲಿ ಅದನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ.

ಇನ್ನು ಸತ್ತ ಸಾದಾ ಶೆಲ್ಲಿಗೆ ಕರೆಂಟು ಹಾಯಿಸಿ ಹತ್ತೋ ಇಪ್ಪತ್ತೋ ಪ್ರತಿಶತ ಹೆಚ್ಚು ದುಡಿಸಿಕೊಂಡೆವು ಎಂದೇ ಒಪ್ಪೋಣ. ಉಳಿದದ್ದು ಶೆಲ್ಲಿಗೆ ಎರಡು–ಮೂರು ರೂಪಾಯಿ. ಅದು ಸೋರಿದರೆ ಕೆಡುವುದು ಎರಡು ಸಾವಿರ ರೂಪಾಯಿಯ ಬಿ.ಪಿ. ಯಂತ್ರ. ಜಿಪುಣರೂ ಒಪ್ಪುವ ವ್ಯಾಪಾರವಲ್ಲ ಇದು.

ಹಾಗೆಂದು ಎಲ್ಲರೂ ಚಾರ್ಜರ್ ಕೊಳ್ಳಬೇಕಿಲ್ಲ. ವರ್ಷಕ್ಕೆ ನಾಲ್ಕೇ ಶೆಲ್ಲು ಬಳಸುವ ಮನೆಗೆ ಈ 1,400 ರೂಪಾಯಿ ಎಂದೂ ಗಿಟ್ಟುವುದಿಲ್ಲ. ಗೋಡೆ ಗಡಿಯಾರಕ್ಕೆ, ಟಿ.ವಿ. ರಿಮೋಟಿಗೆ ಸಾದಾ ಶೆಲ್ಲೇ ಸರಿ. ಅವು ಗುಟುಕು ಗುಟುಕಾಗಿ ಕುಡಿಯುತ್ತವೆ, ವರ್ಷಗಟ್ಟಲೆ ನಡೆಯುತ್ತವೆ. ನಿಕ್ಕಲ್ ಶೆಲ್ಲಿನ ವೋಲ್ಟೇಜು 1.2 ಮಾತ್ರ, ಕೆಲವು ಗಡಿಯಾರಗಳು ಅದಕ್ಕೆ ಜಗ್ಗುವುದಿಲ್ಲ. ಹಳೆಯ ಮಾದರಿಯವು ಸುಮ್ಮನಿಟ್ಟರೂ ತಿಂಗಳೊಪ್ಪತ್ತಿನಲ್ಲಿ ಇಳಿದುಹೋಗುತ್ತಿದ್ದವು. ಜಪಾನಿನ ಸ್ಯಾನ್ಯೊ 2005ರಲ್ಲಿ ತಂದ ಎನೆಲೂಪ್ ಮಾದರಿಯ ನಂತರ ಈ ದೋಷ ಬಹುಮಟ್ಟಿಗೆ ನೀಗಿದೆ. ಚಾರ್ಜ್ ಮಾಡಿ ಕಪಾಟಿನಲ್ಲಿಟ್ಟರೆ ವರ್ಷದ ಮೇಲೂ ಸುಮಾರು ಮುಕ್ಕಾಲು ಪಾಲು ಉಳಿದಿರುತ್ತದೆ. ಕೊಳ್ಳುವಾಗ ‘ರೆಡಿ ಟು ಯೂಸ್’ ಅಥವಾ ‘ಲೋ ಸೆಲ್ಫ್ ಡಿಸ್ಚಾರ್ಜ್’ ಎಂದು ಬರೆದದ್ದನ್ನು ಆರಿಸಬೇಕು. ಶೆಲ್ಲಿನಷ್ಟೇ ಚಾರ್ಜರೂ ಮುಖ್ಯ. ಪ್ರತಿ ಶೆಲ್ಲಿಗೂ ಬೇರೆ ದೀಪ ಇದ್ದು, ತುಂಬಿದೊಡನೆ ತಾನೇ ನಿಲ್ಲುವಂಥದು ಬೇಕು. ಇಂಥ ಜಾಣ ಚಾರ್ಜರಿಗೆ ತಪ್ಪಿ ಸಾದಾ ಶೆಲ್ಲು ಹಾಕಿದರೆ ಸಾಮಾನ್ಯವಾಗಿ ಕೆಂಪು ದೀಪ ಮಿಟುಕಿಸಿ ನಿರಾಕರಿಸುತ್ತದೆ. ಅಗ್ಗದ ಚಾರ್ಜರಿಗೆ ಆ ವಿವೇಕವಿಲ್ಲ, ಏನಿಟ್ಟರೂ ರಾತ್ರಿಯೆಲ್ಲ ಕರೆಂಟು ತಳ್ಳುತ್ತಲೇ ಇರುತ್ತದೆ.

ಯುಎಸ್‌ಬಿ ತಂತಿ ನೇರವಾಗಿ ಚುಚ್ಚಿ ಚಾರ್ಜ್ ಮಾಡುವ 1.5 ವೋಲ್ಟಿನ ಲಿಥಿಯಂ ಪೆನ್ಸಿಲ್ ಶೆಲ್ಲುಗಳೂ ಈಗ ಬಂದಿವೆ. ವೋಲ್ಟೇಜು ಕೊನೆಯವರೆಗೂ ಕುಗ್ಗದು, ಬಿ.ಪಿ. ಯಂತ್ರಕ್ಕೆ ಚೆನ್ನ. ಆದರೆ ಒಳಗಿನ ಪುಟ್ಟ ಪರಿವರ್ತಕ ಮೀಡಿಯಂ ವೇವ್ ರೇಡಿಯೊದಲ್ಲಿ ಗುರ್‍ರೆಂದು ಸದ್ದು ಎಬ್ಬಿಸಬಹುದು, ಧಾರವಾಡ ಕೇಂದ್ರದ ಹಳೆಯ ಕೇಳುಗರು ಗಮನಿಸಬೇಕು. 14500 ಎಂದು ಬರೆದ ಶೆಲ್ಲೂ ಅದೇ ಗಾತ್ರದ್ದೇ, ಕೊಡುವುದು ಮಾತ್ರ 3.7 ವೋಲ್ಟ್. ಗೊತ್ತಿಲ್ಲದೆ ಆಟಿಕೆಗೋ ರಿಮೋಟಿಗೋ ಹಾಕಿದರೆ ಹೊಗೆ ಬಂದೀತು.

ಒಮ್ಮೆ ಬಳಸಿ ಬಿಸಾಡುವ ಶೆಲ್ಲಿಗೆ ಗೌರವದ ಜಾಗವೂ ಇದೆ. ನಾವು ಮತ ಹಾಕುವ ಯಂತ್ರ ನಡೆಯುವುದು ಆಲ್ಕಲೈನ್ ಶೆಲ್ಲಿನ ಕಟ್ಟಿನಿಂದಲೇ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಆ ಯಂತ್ರಗಳನ್ನು ತಯಾರಿಸುತ್ತವೆ. 2024ರಲ್ಲಿ ಹರಿಯಾಣದ ಎಣಿಕೆಯ ದಿನ ಕೆಲವು ಯಂತ್ರಗಳು 99 ಪ್ರತಿಶತ ಬ್ಯಾಟರಿ ತೋರಿಸಿದ್ದಕ್ಕೆ ತಕರಾರು ಎದ್ದಾಗ ಚುನಾವಣಾ ಆಯೋಗ ಕೊಟ್ಟ ವಿವರಣೆಯೂ ಇದನ್ನೇ ಹೇಳಿತು: ಇದು ಮೊಬೈಲಿನಂತೆ ಚಾರ್ಜ್ ಮಾಡುವ ಬ್ಯಾಟರಿಯಲ್ಲ, ವೋಲ್ಟೇಜು ಒಂದು ಮಟ್ಟದ ಮೇಲಿರುವ ತನಕ ಪರದೆ 99 ಎಂದೇ ತೋರಿಸುತ್ತದೆ. ಶೆಲ್ಲಿನ ವೋಲ್ಟೇಜನ್ನು ನಂಬಿ ದಾಸ್ತಾನು ಅಳೆಯಲಾಗದು ಎಂಬ ಪಾಠ ದೇಶಕ್ಕೆಲ್ಲ ಒಂದೇ ದಿನ ಆಯಿತು.

ರಾತ್ರಿ ಪಾಳಿಯ ಬೆಳಕು

ಮುಂಡರಗಿ ತಾಲ್ಲೂಕಿನ ತುಂಗಭದ್ರೆಯ ದಂಡೆಯಲ್ಲಿ, ಹಮ್ಮಿಗಿ, ಕೊರ್ಲಹಳ್ಳಿಯ ಕಡೆ ಬೆಳಕಿನ ಪ್ರಶ್ನೆ ಆಟಿಕೆಯದಲ್ಲ. ಪಂಪ್‌ಸೆಟ್ಟಿಗೆ ತ್ರಿಫೇಸ್ ಕರೆಂಟಿನ ಪಾಳಿ ರಾತ್ರಿ ಬಂದರೆ ರೈತ ಆ ಹೊತ್ತಿನಲ್ಲೇ ಹೊಲಕ್ಕೆ ಹೋಗಬೇಕು. ಬದುವಿನ ಮೇಲೆ ಮಂಡಲದ ಹಾವು ಮಲಗಿದೆಯೋ ಇಲ್ಲವೋ ಹೇಳುವುದು ಕೈಯಲ್ಲಿನ ಬ್ಯಾಟರಿ ಒಂದೇ. ಅಲ್ಲಿ ‘ಎಬ್ಬಿಸಿದ’ ಶೆಲ್ಲು ಹಾಕಿಕೊಂಡು ಹೋಗುವುದೆಂದರೆ ಅರ್ಧ ದಾರಿಯಲ್ಲಿ ಕತ್ತಲಾಗುವುದಕ್ಕೆ ತಾನೇ ಏರ್ಪಾಡು ಮಾಡಿಕೊಂಡಂತೆ.

ದಪ್ಪ ಶೆಲ್ಲಿನ ಹಿತ್ತಾಳೆ ಬ್ಯಾಟರಿಗಳ ಜಾಗಕ್ಕೆ ಇಲ್ಲೀಗ ಬಂದಿರುವುದು ಹಿಂಬದಿಯಲ್ಲಿ ಮಡಚುವ ಎರಡು ಪಿನ್ನಿನ, ಗೋಡೆಗೆ ನೇರ ಚುಚ್ಚುವ ಎಲ್‌ಇಡಿ ಬ್ಯಾಟರಿಗಳು. ಅಗ್ಗದವುಗಳ ಒಳಗಿರುವುದು 4 ವೋಲ್ಟಿನ ಪುಟ್ಟ ಸೀಸ–ಆಮ್ಲದ ಡಬ್ಬಿ, ಅಂದರೆ ಟ್ರ್ಯಾಕ್ಟರಿನ ಬ್ಯಾಟರಿಯದೇ ಜಾತಿ. ಇದಕ್ಕೆ ಖಾಲಿ ಹೊಟ್ಟೆ ಸಹಿಸದು. ಪೂರ್ತಿ ಇಳಿಸಿ ಮಳೆಗಾಲವಿಡೀ ಮೂಲೆಯಲ್ಲಿಟ್ಟರೆ ಒಳಗಿನ ತಗಡುಗಳ ಮೇಲೆ ಗಟ್ಟಿ ಸಲ್ಫೇಟು ಕಟ್ಟಿ ಮತ್ತೆ ಚಾರ್ಜನ್ನೇ ಹಿಡಿಯುವುದಿಲ್ಲ. ಬಳಸಲಿ ಬಿಡಲಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಅದೇ ಹೊತ್ತಿಗೆ, ತುಂಬಿದ ಮೇಲೆ ತಾನೇ ನಿಲ್ಲುವ ವ್ಯವಸ್ಥೆ ಹಲವದರಲ್ಲಿ ಇಲ್ಲದ್ದರಿಂದ ರಾತ್ರಿಯೆಲ್ಲ ಚುಚ್ಚಿ ಮಲಗಬಾರದು. ಇನ್ನೊಂದು ಅಪಾಯ ಹೊರಗೆ ಕಾಣದು. ಇವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರ್ ಮಾತ್ರ ವೋಲ್ಟೇಜು ಇಳಿಸುತ್ತದೆ. ಚಾರ್ಜಿನಲ್ಲಿದ್ದಾಗ ಒಳಗಿನ ಪ್ರತಿ ತಂತಿಯೂ ಗೋಡೆಯ 230 ವೋಲ್ಟಿನ ನೇರ ಸಂಬಂಧದಲ್ಲಿರುತ್ತದೆ. ಮೈ ಬಿರುಕು ಬಿಟ್ಟ, ಟೇಪು ಸುತ್ತಿದ ಬ್ಯಾಟರಿಯನ್ನು ಒದ್ದೆ ಕೈಯಲ್ಲಿ ಪ್ಲಗ್ಗಿನಿಂದ ಕೀಳುವಾಗ ಇದನ್ನು ನೆನೆಯಬೇಕು.

ದೀಪ, ಮೈ ಎಲ್ಲ ಸರಿಯಿದ್ದು ಡಬ್ಬಿ ಮಾತ್ರ ಸತ್ತಿದ್ದರೆ ಹೊಸ ಬ್ಯಾಟರಿಯೇ ಬೇಕಿಲ್ಲ. ಗದಗ, ಲಕ್ಷ್ಮೇಶ್ವರದ ರಿಪೇರಿ ಅಂಗಡಿಗಳಲ್ಲಿ 4 ವೋಲ್ಟಿನ ಬಿಡಿ ಡಬ್ಬಿ ತಂದು ಎರಡು ಬೆಸುಗೆ ಹಾಕಿಕೊಡುವ ಕೆಲಸ ಹತ್ತು ನಿಮಿಷದ್ದು. ಹೊಸದಾಗಿ ಕೊಳ್ಳುವವರಿಗೆ 18650 ಎಂಬ ಲಿಥಿಯಂ ಶೆಲ್ಲು ಹೊರತೆಗೆದು ಬದಲಿಸಬಹುದಾದ, ಮೊಬೈಲ್ ಚಾರ್ಜರಿನಿಂದಲೇ ತುಂಬುವ ಬ್ಯಾಟರಿ ಲೇಸು. ಆ ಶೆಲ್ಲಿನ ಮೇಲೆ 9,900 ಎಂಎಎಚ್ ಎಂದೇನಾದರೂ ಬರೆದಿದ್ದರೆ ಅಲ್ಲೇ ಕೆಳಗಿಡಿ. ಒಳ್ಳೆಯ ಕಂಪನಿಗಳ ಶೆಲ್ಲೂ ಸಾಮಾನ್ಯವಾಗಿ 3,500ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಅಂಕಿ ಮೂರು ಪಟ್ಟಾದರೆ ಅದು ಸುಳ್ಳು. ಚಾರ್ಜ್ ಆಗುವ ಶೆಲ್ಲುಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ, ಐಎಸ್ 16046 ಎಂಬ ಮಾನದಂಡ ಮತ್ತು ಆರ್ ಎಂದು ಶುರುವಾಗುವ ಸಂಖ್ಯೆ ಲೇಬಲ್ಲಿನ ಮೇಲೆ ಇರಬೇಕು.

ಹಿತ್ತಾಳೆಯ ಹಳೆಯ ಬ್ಯಾಟರಿ ಅಟ್ಟದ ಮೇಲೆ ಇನ್ನೂ ಇದ್ದರೆ ಎಸೆಯಬೇಡಿ. ಅದರ ಹಳೆಯ ಬಲ್ಬು ಮುಕ್ಕಾಲು ವ್ಯಾಟಿನಷ್ಟು ತಿಂದು ಬಹುಪಾಲನ್ನು ಕಾವಾಗಿ ಕಳೆಯುತ್ತಿತ್ತು. ಅದೇ ಹೋಲ್ಡರಿಗೆ ಕೂರುವ ಎಲ್‌ಇಡಿ ಬಲ್ಬು ಸಿಗುತ್ತದೆ, ಅದೇ ದಪ್ಪ ಶೆಲ್ಲು ಹಲವು ಪಟ್ಟು ದಿನ ಬಾಳುತ್ತದೆ.

ತಿಪ್ಪೆಯ ಹಾದಿ

ಮುಗಿದ ಶೆಲ್ಲು ಕೊನೆಗೆ ಸೇರುವುದು ಎಲ್ಲಿಗೆ? ಹಳ್ಳಿಯಲ್ಲಿ ತಿಪ್ಪೆಗೆ, ತಿಪ್ಪೆಯಿಂದ ಗೊಬ್ಬರದ ಜೊತೆ ಉಳ್ಳಾಗಡ್ಡಿ ಹೊಲಕ್ಕೆ, ಅಲ್ಲಿಂದ ಮಳೆನೀರಿನೊಂದಿಗೆ ಕೆರೆಗೆ. ಸಾದಾ ಶೆಲ್ಲಿನ ಸತು, ಮ್ಯಾಂಗನೀಸು ಸೀಸದಷ್ಟು ಕ್ರೂರವಲ್ಲ ಎಂಬುದು ನಿಜ. ಆದರೆ ಹಳೆಯ ಚಾರ್ಜಿಂಗ್ ಶೆಲ್ಲಿನ ಕ್ಯಾಡ್ಮಿಯಂ, ಎಲ್‌ಇಡಿ ಬ್ಯಾಟರಿಯ ಸೀಸ ಅದೇ ಹಾದಿ ಹಿಡಿಯುತ್ತವೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು. ಚಳಿಗಾಲದಲ್ಲಿ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಇದೇ ಹೊಲಗಳಲ್ಲಿ ಮೇಯುತ್ತವೆ. ಚಳಿಗೆ ಹಾಕಿದ ಬೆಂಕಿಗೆ ಶೆಲ್ಲು ಎಸೆದು ‘ಢಂ’ ಎನಿಸುವ ಹುಡುಗಾಟಕ್ಕಂತೂ ಹಿರಿಯರು ಗದರಲೇಬೇಕು.

ಕಾನೂನು ಇಲ್ಲದೆ ಇಲ್ಲ. 2001ರ ನಿಯಮಗಳು ಸೀಸದ ಬ್ಯಾಟರಿಗಳನ್ನಷ್ಟೇ ನೋಡಿಕೊಂಡಿದ್ದವು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಪೆನ್ಸಿಲ್ ಶೆಲ್ಲಿನಿಂದ ಹಿಡಿದು ವಿದ್ಯುತ್ ಕಾರಿನವರೆಗೆ ಎಲ್ಲವನ್ನೂ ಒಳಗೊಂಡಿವೆ. ಮುಗಿದ ಶೆಲ್ಲನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಬೇರೆ ಕಸದೊಂದಿಗೆ ಬೆರೆಸದೆ ಕೊಡುವುದು ಬಳಸುವವರ ಕೆಲಸ. ಶೆಲ್ಲಿನ ಮೈಮೇಲೆ ಕಾಣುವ, ಗೀಟು ಎಳೆದ ಕಸದ ಡಬ್ಬಿಯ ಚಿತ್ರ ಅದಕ್ಕೇ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಶೆಲ್ಲು ಮಾರುವ ಕಿರಾಣಿ ಅಂಗಡಿಯಲ್ಲಿ ಅದನ್ನು ವಾಪಸು ಹಾಕುವ ಡಬ್ಬಿ ಇಲ್ಲದಿದ್ದರೆ ನಿಯಮ ತಿಪ್ಪೆಯ ತನಕ ಬರುವುದಿಲ್ಲ. 1905ರಲ್ಲೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ನೆಲ ಇದು. ಊರಿನ ಸೊಸೈಟಿಯಲ್ಲೋ ಹಾಲಿನ ಡೇರಿಯಲ್ಲೋ ಹಳೆಯ ಶೆಲ್ಲಿಗೊಂದು ಡಬ್ಬಿ, ಎಲ್ಲರಿಗೂ ಒಂದು ಒಳ್ಳೆಯ ಚಾರ್ಜರ್ ಇಡುವುದು ಭಾರದ ಕೆಲಸವೇನಲ್ಲ. ಅಲ್ಲಿಯವರೆಗೆ ಮನೆಯಲ್ಲೇ ಪ್ಲಾಸ್ಟಿಕ್ ಭರಣಿಯಲ್ಲಿ ಒಣಜಾಗದಲ್ಲಿ ಕೂಡಿಡಬೇಕು. ಲಿಥಿಯಂ ಮತ್ತು ಗುಂಡಿ ಶೆಲ್ಲುಗಳ ಎರಡೂ ಬದಿಗೆ ಟೇಪು ಅಂಟಿಸಿದರೆ ಒಂದಕ್ಕೊಂದು ತಾಗಿ ಬಿಸಿಯಾಗುವುದು ತಪ್ಪುತ್ತದೆ.

ಕೊನೆಗೆ ಕಂಪನಿಗಳಿಗೆ ಒಂದು ಮಾತು. ‘ಚಾರ್ಜ್ ಮಾಡಬೇಡಿ, ಬೆಂಕಿಗೆ ಹಾಕಬೇಡಿ, ಸಿಡಿಯಬಹುದು’ ಎಂಬ ಎಚ್ಚರಿಕೆ ಶೆಲ್ಲಿನ ಮೈಮೇಲೆ ಇರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಅದನ್ನು ಓದಬೇಕಾದವರು ಮುಂಡರಗಿಯ ಹೊಲದಲ್ಲಿ, ಬೆಟಗೇರಿಯ ಮಗ್ಗದ ಮನೆಯಲ್ಲಿ ಇದ್ದಾರೆ. ಪಂಚಾಂಗ, ಕ್ಯಾಲೆಂಡರ್, ಪುಸ್ತಕಗಳನ್ನು ಅಚ್ಚು ಹಾಕಿ ನಾಡಿಗೆಲ್ಲ ಕಳಿಸಿದ ಗದಗಿನ ಮುದ್ರಣಾಲಯಗಳಿಗೆ ಮೂರು ಸಾಲಿನ ಕನ್ನಡ ಚೀಟಿ ದೊಡ್ಡ ಕೆಲಸವಲ್ಲ. ಕಂಪನಿ ಮಾಡದಿದ್ದರೆ ಅಂಗಡಿಯವರೇ ಬರೆದು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಲಿ.